ಬಂಡಿಗೊಂದು ಸೂರ್ಯ

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಮಿಕ್ಕವೆಲ್ಲ ಅದರ ಮರಿಗಳು.

ಊರಿಗೆ ಬೇಕಾದದ್ದೆಲ್ಲ ಕೆಳಕೇರಿಯಲ್ಲಿ ಹುಟ್ಟುತ್ತಿತ್ತು: ಚೊಂಬು, ಚಪ್ಪಲಿ, ಚಾಪೆ, ತೊಟ್ಟಿಲು, ಚಟ್ಟ, ಕೊನೆಗೆ ದೇವರ ಮುಖವಾಡ ಕೂಡ. ಆದರೆ ಕೆಳಕೇರಿಯವರು ಮುಟ್ಟಿದ್ದನ್ನು ಮೇಲುಕೇರಿಯವರು ಮುಟ್ಟುವಂತಿರಲಿಲ್ಲ. ಮತ್ತೆ ಊರು ನಡೆಯುವುದು ಹೇಗೆ? ಅದಕ್ಕೇ ಕಟ್ಟಳೆ. ಎರಡು ಕೇರಿಗಳ ನಡುವೆ ಒಂದು ಚಪ್ಪಡಿ ಕಲ್ಲು. ಮಾಡಿದವರು ಮಾಡಿದ್ದನ್ನು ತಂದು ಆ ಕಲ್ಲಿನ ಮೇಲಿಟ್ಟು, ಹನ್ನೆರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಕಲ್ಲಿನ ಆಚೆ ಮಡಿಗಾರ ನಿಂತಿರುತ್ತಾನೆ. ಅವನು ಕೇಳುತ್ತಾನೆ: "ಮುಟ್ಟಿದ್ದೀಯಾ?" ಮಾಡಿದವರು ಹೇಳಬೇಕು: "ಮುಟ್ಟಿಲ್ಲ." ಹೀಗೆ ಮೂರು ಸಲ. ಮೂರನೆಯ "ಮುಟ್ಟಿಲ್ಲ" ಬಾಯಿಂದ ಬಿದ್ದ ಕೂಡಲೇ ವಸ್ತು ಶುದ್ಧ. ಮೇಲುಕೇರಿಯವರು ಬಂದು ಎತ್ತಿಕೊಂಡು ಹೋಗುತ್ತಾರೆ.

ಚಪ್ಪಲಿ ಹೊಲಿಯುವವನು ಬೆರಳಿಗೆ ಇನ್ನೂ ದಾರ ಸುತ್ತಿಕೊಂಡೇ "ಮುಟ್ಟಿಲ್ಲ" ಅನ್ನುತ್ತಿದ್ದ. ಸೂಲಗಿತ್ತಿ ಮೇಲುಕೇರಿಯ ಕೂಸಿನ ಹೊಕ್ಕುಳಬಳ್ಳಿ ಕತ್ತರಿಸಿ, ಕೂಸನ್ನು ಕಲ್ಲಿನ ಮೇಲೆ ಮಲಗಿಸಿ, ಮೊಣಕೈವರೆಗೆ ಒದ್ದೆಯಾದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು "ಮುಟ್ಟಿಲ್ಲ" ಅನ್ನುತ್ತಿದ್ದಳು. ಎಲ್ಲರಿಗೂ ಗೊತ್ತಿತ್ತು. ಗೊತ್ತಿರುವುದು ತಪ್ಪಲ್ಲ, ಬಾಯಿಬಿಟ್ಟು ಹೇಳುವುದು ತಪ್ಪು. ನಾಲ್ಕು ದೇಶ ಸುತ್ತಿದವರಿಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣಲಿಕ್ಕಿಲ್ಲ. ಎಲ್ಲ ಊರುಗಳೂ ಒಂದಲ್ಲ ಒಂದು ಸುಳ್ಳಿನ ಮೇಲೇ ಕೂತಿರುತ್ತವೆ. ಈ ಊರಿನವರು ಅದಕ್ಕೊಂದು ಕಲ್ಲು ಹಾಕಿಸಿದ್ದರು, ಅಷ್ಟೇ.

ಕೆಳಕೇರಿಯಲ್ಲಿ ಒಬ್ಬಳು ಎರಕದವಳಿದ್ದಳು. ಮೇಣದಲ್ಲಿ ಅಚ್ಚು ತಿದ್ದಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಅದು ಬಿಟ್ಟುಹೋದ ಜಾಗಕ್ಕೆ ಕಂಚು ಹೊಯ್ಯುವ ಕಸುಬು. ಮೇಣಕ್ಕೆ ಒಂದು ದುರ್ಗುಣ ಉಂಟು: ಮುಟ್ಟಿದ ಬೆರಳನ್ನು ಮರೆಯುವುದಿಲ್ಲ. ಅಚ್ಚಿನಲ್ಲಿ ಬೆರಳ ಗೆರೆ ಉಳಿದರೆ ಕಂಚಿನಲ್ಲೂ ಉಳಿಯುತ್ತದೆ. ಕಂಚಿನಲ್ಲಿ ಉಳಿದರೆ ಕಲ್ಲಿನ ಮುಂದೆ ನಿಂತು "ಮುಟ್ಟಿಲ್ಲ" ಅನ್ನಲು ಯಾವ ಮುಖ? ಅದಕ್ಕೆ ಅವಳ ಅಜ್ಜಿ ಅವಳಮ್ಮನಿಗೆ, ಅವಳಮ್ಮ ಅವಳಿಗೆ ಮೊದಲು ಕಲಿಸಿದ ಪಾಠ ಎರಕದ್ದಲ್ಲ, ಒರೆಸುವುದರದ್ದು. ಬಿಸಿ ಬಟ್ಟೆಯಿಂದ ಮೇಣವನ್ನು ಒರೆಸು. ನಿನ್ನ ಗೆರೆ ಹೋಗುವವರೆಗೆ ಒರೆಸು. ನೀನೇ ಮಾಡಿದ್ದೆಂದು ನಿನಗೇ ಮರೆಯುವವರೆಗೆ ಒರೆಸು.

ಇನ್ನು ದಂಡಿನ ವಿಷಯ. ಊರಿನ ದೊರೆಯ ಹತ್ತಿರ ಕಬ್ಬಿಣದ ಬಂಡಿಗಳಿದ್ದವು. ಎತ್ತು ಬೇಡ, ಕುದುರೆ ಬೇಡ. ಹೊಟ್ಟೆಯೊಳಗೆ ಬೆಂಕಿ ಉರಿದರೆ ತಾವೇ ಉರುಳುತ್ತಿದ್ದವು. ಆದರೆ ಅವುಗಳ ಹಸಿವು ಬಕಾಸುರನದು. ಒಂದು ಬಂಡಿ ಯುದ್ಧಕ್ಕೆ ಹೊರಟರೆ ಅದರ ಸೌದೆ ಹೊತ್ತು ನಾಲ್ಕು ಬಂಡಿ ಹಿಂದೆ ಬರಬೇಕು. ಆ ನಾಲ್ಕಕ್ಕೆ ಸೌದೆ ಹೊತ್ತು ಹದಿನಾರು. ಪ್ರತಿ ಸುಗ್ಗಿ ಮುಗಿದ ಮೇಲೆ ದಂಡು ಕಹಳೆ ಊದಿಸಿಕೊಂಡು ಹೊರಡುತ್ತಿತ್ತು. ನದಿಯ ಮರಳಿಗೆ ಬರುವಷ್ಟರಲ್ಲಿ ಎಲ್ಲ ಸೌದೆಯೂ ಬೂದಿ. ಅಲ್ಲಿ ನಿಂತು ದಂಡಿನವರು ಎದುರು ದಡದವರ ತಾಯಿ, ಅಕ್ಕತಂಗಿಯರನ್ನೆಲ್ಲ ನೆನೆದು ಬೈಯುತ್ತಿದ್ದರು. ಎದುರು ದಡದವರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ಅದಕ್ಕಿಂತ ಚೆನ್ನಾಗಿ ಬೈಯುತ್ತಿದ್ದರು. ಗಂಟಲು ಕಟ್ಟಿದ ಮೇಲೆ ಯುದ್ಧ ಮುಗಿಯುತ್ತಿತ್ತು. ಆಮೇಲೆ ಕೆಳಕೇರಿಯವರು ಹಗ್ಗ ಕಟ್ಟಿ ಬಂಡಿಗಳನ್ನು ಎಳೆದು ತರಬೇಕು. ತಂದು, "ಮುಟ್ಟಿಲ್ಲ" ಅನ್ನಬೇಕು.

ನಗುವ ಮಾತೇ. ಆದರೆ ಕಾಡಿನ ಸೌದೆಯೆಲ್ಲ ಬಂಡಿಗಳ ಹೊಟ್ಟೆಗೆ ಹೋಗುತ್ತಿತ್ತು. ಕೆಳಕೇರಿಯ ಒಲೆಗೆ ಹೊಟ್ಟು ಮತ್ತು ಹಸಿ ಬೆರಣಿ. ಅವರ ಅನ್ನ ಯಾವತ್ತೂ ಅರ್ಧ ಬೆಂದ ಅನ್ನ. ಒಂದು ಚಳಿಗಾಲದಲ್ಲಿ ಕೆಳಕೇರಿಯಲ್ಲಿ ಹನ್ನೊಂದು ಕೂಸುಗಳು ಸೆಟೆದು ಹೋದವು. ಹನ್ನೊಂದರಲ್ಲಿ ಒಂದು ಎರಕದವಳದು. ಆ ವರ್ಷವೂ ದಂಡು ಹೊರಟಿತ್ತು, ಬೈದು ಬಂದಿತ್ತು.

ಮುಂದಿನ ಸುಗ್ಗಿಯಲ್ಲಿ ದೊರೆ ತಾನೇ ಕಲ್ಲಿನ ತನಕ ಇಳಿದು ಬಂದ. ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿದ್ದ ಎರಕದವಳಿಗೆ ಹೇಳಿದ: "ಏನಮ್ಮಾ, ನಿನ್ನ ಕೈಯಲ್ಲಿ ವಿದ್ಯೆ ಇದೆಯಂತೆ. ಬಂಡಿಗೆ ಸೌದೆ ಬೇಡದ ಹಾಗೆ ಮಾಡಬೇಕಲ್ಲ."

"ಸೌದೆ ಬೇಡ ಅಂದರೆ ಸೂರ್ಯನನ್ನೇ ಕೂರಿಸಬೇಕು, ದೊರೆ."

ಅವಳು ಹೇಳಿದ್ದು ಕೊಂಕು. ಅವನು ಕೇಳಿಸಿಕೊಂಡದ್ದು ಉಪಾಯ. "ಹಾಗೇ ಆಗಲಿ. ಬಂಡಿಗೊಂದು ಸೂರ್ಯ. ಕೊಪ್ಪರಿಗೆಯಷ್ಟು ಇದ್ದರೆ ಸಾಕು. ಇಬ್ಬರು ಎತ್ತಿ ಇಡುವಂತಿರಬೇಕು. ಮೊದಲನೆಯದು ಬಂಡಿಗೆ. ಎರಡನೆಯದು ನಿಮ್ಮ ಕೇರಿಗೆ. ನನ್ನ ಮಾತು."

ಎರಡನೆಯದು ನಿಮ್ಮ ಕೇರಿಗೆ. ಆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಅವಳು ಮನೆಗೆ ಬಂದಳು.

ಬೇಸಿಗೆಯಲ್ಲಿ ನದಿ ಬಡಕಲಾದಾಗ ಈ ದಡದ ಮಾತು ಆ ದಡಕ್ಕೆ ಕೇಳುತ್ತದೆ. ಎರಕದವಳ ಅಕ್ಕನನ್ನು ಎದುರು ದಡಕ್ಕೆ ಕೊಟ್ಟಿತ್ತು. ಇಬ್ಬರೂ ತಮ್ಮ ತಮ್ಮ ಕಲ್ಲಿನ ಮೇಲೆ ಪಾತ್ರೆ ತಿಕ್ಕುತ್ತಾ ಕೂಗಿ ಮಾತಾಡುತ್ತಿದ್ದರು.

"ಏನೇ, ಸೂರ್ಯನಿಗೆ ಪಾತ್ರೆ ಮಾಡ್ತಿದ್ದೀಯಂತೆ?"

"ನಿನಗೆ ಯಾರು ಹೇಳಿದ್ದು?"

"ನಿಮ್ಮ ದಂಡಿನವರು ಬೈಯುವಾಗ ಎಲ್ಲ ಒದರ್ತಾರೆ ಕಣೇ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲಲ್ಲ ಆ ಮುಂಡೇವಕ್ಕೆ. ಅದು ಸರಿ, ಬಂಡಿ ನಿಲ್ಲದೆ ಹೋದರೆ ಮೊದಲು ಸಿಗೋ ಮನೆ ಯಾರದು?"

ಎರಕದವಳು ಬೋಗುಣಿ ತಿಕ್ಕಿದಳು. "ಅವರು ಬರೀ ಬೈದು ಹೋಗ್ತಾರಕ್ಕ. ಎಷ್ಟು ವರ್ಷದಿಂದ ನೋಡಿಲ್ಲ?"

"ಸೌದೆ ಮುಗೀತಿತ್ತು, ಅದಕ್ಕೆ ಬೈದು ಹೋಗ್ತಿದ್ರು. ಬೈಯೋಕೆ ಅಂತ ಯಾರಾದ್ರೂ ಕಬ್ಬಿಣದ ಬಂಡಿ ಕಟ್ಟಿಸ್ತಾರಾ?"

"ಎರಡನೇದು ನಮ್ಮ ಕೇರಿಗೆ ಅಂದಿದ್ದಾನೆ."

ಅಕ್ಕ ತಿಕ್ಕಿದ ಬೋಗುಣಿಯನ್ನು ಕವುಚಿಟ್ಟಳು. ಆಮೇಲೆ, "ಮಾಡಿಕೋ ಮಾರಾಯ್ತಿ. ನಿನ್ನ ಕೂಸಿನ ಮುಖ ನಾನೂ ನೋಡಿದ್ದೆ," ಅಂದಳು. ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಎರಕದವಳು ತಡೆದುಕೊಳ್ಳುತ್ತಿದ್ದಳು.

ನದಿಯ ಮಡುವಿನ ತಳದಲ್ಲಿ ನೀರು ಭಾರ. ಅಲ್ಲಿಂದ ತಂದ ಹನಿ ಮಿಕ್ಕ ನೀರಿನಲ್ಲಿ ಮುಳುಗುತ್ತದೆ. ಅಂಥ ಎರಡು ಹನಿಗಳನ್ನು ಒಂದು ಮಾಡಿದರೆ ಸೂರ್ಯ ಹುಟ್ಟುತ್ತಾನೆಂದು ಅಜ್ಜಿಯರ ಮಾತು. ಆದರೆ ಹನಿಗಳು ಒಪ್ಪಬೇಕಲ್ಲ! ದಾಯಾದಿಗಳ ಹಾಗೆ ಹತ್ತಿರ ತಂದಷ್ಟೂ ದೂರ ಹಾರುತ್ತವೆ. ಏಳು ದಿನ ಇಡೀ ಕೆಳಕೇರಿ ಸರದಿಯ ಮೇಲೆ ತಿದಿ ಒತ್ತಿತು. ಏಳನೆಯ ದಿನ ಎರಡು ಹನಿಗಳು ತಾಳಲಾರದೆ ಒಂದಾದವು. ಪಾತ್ರೆಯ ನಡುವೆ ನಿಂಬೆಹಣ್ಣಿನಷ್ಟು ಸೂರ್ಯ ಎದ್ದು ನಿಂತ. ಎಲ್ಲರ ಮುಖವೂ ಒಮ್ಮೆಗೆ ಬೆಳಗಿತು. ಸೂರ್ಯ ಸ್ವಲ್ಪ ತೂರಾಡಿದ, ಪಾತ್ರೆಯ ಗೋಡೆಗೆ ಒರಗಿದ, ಒರಗಿದ್ದೇ ಆರಿಹೋದ. ಗೋಡೆ ಕರಗಲಿಲ್ಲ, ಏನೂ ಸಿಡಿಯಲಿಲ್ಲ. ಬರೀ ಕತ್ತಲೆ, ಮತ್ತು ತಣ್ಣಗಿನ ಕಂಚು.

ಮತ್ತೆ ಎರಕ. ಮತ್ತೆ ತಿದಿ. ಮತ್ತೆ ಸೂರ್ಯ, ಮತ್ತೆ ಗೋಡೆ. ಎರಕದವಳು ಒಳಗೋಡೆಯನ್ನು ಇನ್ನೂ ನುಣುಪು ಮಾಡಿದಳು, ಕನ್ನಡಿಯಷ್ಟು ನುಣುಪು. ಸೂರ್ಯ ಇನ್ನೂ ಬೇಗ ಒರಗಿದ. ಮುಟ್ಟದೆ ಹಿಡಿಯಬೇಕು. ಯಾವುದನ್ನಾದರೂ ಮುಟ್ಟದೆ ಹಿಡಿಯುವುದು ಹೇಗೆ?

ಕೂಸು ಹೋಗಿ ವರ್ಷವಾದ ದಿನ ಅವಳು ಮೇಣ ತಿದ್ದುತ್ತಿದ್ದಳು. ಸೇರಿನಷ್ಟು ಸಣ್ಣ ಪಾತ್ರೆ, ಬರೀ ಪರೀಕ್ಷೆಗೆ. ಕಣ್ಣು ಮಂಜಾಗಿ, ಎಲ್ಲಿ ಒರೆಸಿದೆ ಎಲ್ಲಿ ಬಿಟ್ಟೆ ತಿಳಿಯದೆ ಹಾಗೇ ಕಂಚು ಹೊಯ್ದಳು. ಪಾತ್ರೆಯ ಬಾಯಿ ಸೀಳುಬಿಟ್ಟು ಬಂತು. ಆದರೂ ಹನಿ ಹಾಕಿ ಒತ್ತಿದರು. ಸೂರ್ಯ ಎದ್ದ, ತೂರಾಡಿದ, ಗೋಡೆಯ ಹತ್ತಿರ ಬಂದ, ಮೈಲಿಗೆ ಕಂಡವನ ಹಾಗೆ ಸರಕ್ಕನೆ ಹಿಂದೆ ಸರಿದ. ಇನ್ನೊಂದು ಕಡೆ ವಾಲಿದ, ಅಲ್ಲಿಂದಲೂ ಸರಿದ. ಕೊನೆಗೆ ನಟ್ಟನಡುವೆ ನಿಂತು ಉರಿಯತೊಡಗಿದ.

ಎರಕದವಳು ಕಣ್ಣು ಕಿರಿದು ಮಾಡಿ ಒಳಗೆ ನೋಡಿದಳು. ಗೋಡೆಯ ತುಂಬ ಅವಳ ಬೆರಳ ಗೆರೆಗಳು.

ತಿದಿ ಒತ್ತುತ್ತಿದ್ದ ತಮಟೆಯವನು ಬಗ್ಗಿ ನೋಡಿ ಹಲ್ಲುಬಿಟ್ಟ. "ನೋಡ್ರಪ್ಪಾ, ಸೂರ್ಯನಿಗೂ ಮೇಲುಕೇರಿ ಬುದ್ಧಿ! ನಮ್ಮ ಬೆರಳು ಕಂಡರೆ ಹನ್ನೆರಡು ಹೆಜ್ಜೆ."

ಎಲ್ಲರೂ ನಕ್ಕರು. ಎರಕದವಳೂ ನಕ್ಕಳು, ನಗು ನಡುವಿಗೇ ನಿಂತಿತು. ಮುಟ್ಟದೆ ಹಿಡಿಯುವ ವಿದ್ಯೆಯನ್ನು ಅವಳು ಎಲ್ಲೆಲ್ಲೋ ಹುಡುಕಿದ್ದಳು. ತಾನು ಹುಟ್ಟಿದ್ದೇ ಅದರೊಳಗೆ. ಸರಪಳಿ ಇಲ್ಲದೆ, ಗೋಡೆ ಇಲ್ಲದೆ, ಒಂದು ಬೆರಳೂ ತಾಗಿಸದೆ ಇಡೀ ಕೇರಿಯನ್ನು ಇದ್ದಲ್ಲೇ ಹಿಡಿದಿಟ್ಟ ಊರು ಇದು.

ಬಂಡಿಯ ಪಾತ್ರೆ ಕೊಪ್ಪರಿಗೆಯಷ್ಟು ದೊಡ್ಡದು. ಒಬ್ಬಳ ಬೆರಳು ಸಾಲದು. ಕೆಳಕೇರಿಯೆಲ್ಲ ಬಂತು. ಚಪ್ಪಲಿ ಹೊಲಿಯುವವನು ಸೂಜಿ ಚುಚ್ಚಿ ತೂತಾದ ಹೆಬ್ಬೆಟ್ಟು ಒತ್ತಿದ. ಸೂಲಗಿತ್ತಿ ಹತ್ತೂ ಬೆರಳು ಒತ್ತಿದಳು. ತಮಟೆಯವನು ತಾಳ ಹಾಕಿಕೊಂಡೇ ಒತ್ತಿದ. ಬುಟ್ಟಿ ಹೆಣೆಯುವ ಮುದುಕಿಯ ಬೆರಳಲ್ಲಿ ಗೆರೆಯೇ ಸವೆದುಹೋಗಿತ್ತು. ಅವಳು ಅಂಗೈ ಒತ್ತಿದಳು. ಕೂಸುಗಳ ಹಿಮ್ಮಡಿ ಒತ್ತಿಸಿದರು. ತಲೆತಲಾಂತರದಿಂದ ಒರೆಸಿಕೊಂಡೇ ಬಂದವರು ಆ ಒಂದು ವಾರ ಒತ್ತಿದರು. ಬೆರಳೂರಲು ಜಾಗವಿಲ್ಲದಷ್ಟು ಒತ್ತಿದರು. ಎರಕದವಳು ಅದರ ಮೇಲೆ ಮಣ್ಣು ಮೆತ್ತಿ ಕಂಚು ಹೊಯ್ದಳು. ಈ ಸಲ ಬಾಯಿ ಸೀಳದ ಪಾತ್ರೆ, ಸದ್ದು ಮಾಡಿದರೆ ಊರಗಲ ಕೇಳುವ ಕಂಚು.

ಪಾತ್ರೆ ಒಪ್ಪಿಸುವ ದಿನ ಬೆಳಿಗ್ಗೆ ಕಲ್ಲಿನ ಸುತ್ತ ಮೇಲುಕೇರಿ ನೆರೆದಿತ್ತು. ಬಂಡಿ ಬಾಯಿ ತೆರೆದು ನಿಂತಿತ್ತು. ಕೆಳಕೇರಿಯವರು ಪಾತ್ರೆಯನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದರು. ದೊರೆ ಅದನ್ನು ಸುತ್ತಿ ಸುತ್ತಿ ನೋಡಿದ. ಮದುವೆಗೆ ಹೆಣ್ಣು ನೋಡಲು ಬಂದವನ ಕಣ್ಣು.

"ಎರಡನೆಯದಕ್ಕೆ ಇವತ್ತೇ ಮೇಣ ಕಾಯಿಸ್ತೇನೆ ದೊರೆ," ಅಂದಳು ಎರಕದವಳು.

"ಯಾವ ಎರಡನೆಯದು?"

"ನಮ್ಮ ಕೇರಿಗೆ ಅಂತ..."

"ಓ, ಅದಾ!" ದೊರೆಗೆ ನಿಜವಾಗಿಯೂ ಮರೆತಿತ್ತು. ಮೋಸ ಮಾಡಲಿಕ್ಕಾದರೂ ನೆನಪಿಟ್ಟುಕೊಳ್ಳಬೇಕು. ಅಷ್ಟು ಮರ್ಯಾದೆಯೂ ಅವಳಿಗೆ ಸಿಗಲಿಲ್ಲ. "ಬಂಡಿಗಳು ನೂರಿವೆಯಲ್ಲಮ್ಮಾ. ನೂರೂ ಆಗಲಿ. ಆಮೇಲೆ ಎದುರು ದಡದಲ್ಲಿ ನಿಲ್ಲಿಸಲಿಕ್ಕೆ ಇನ್ನೊಂದಿಷ್ಟು ಬೇಕಾಗುತ್ತದೆ. ಅದೆಲ್ಲ ಮುಗಿದ ಮೇಲೆ ನೋಡೋಣ. ಇಷ್ಟು ವರ್ಷ ಹೊಟ್ಟಿನಲ್ಲೇ ಬೇಯಿಸಿಕೊಂಡಿಲ್ಲವೇ? ಸೂರ್ಯ ಎದ್ದ ಕೂಡಲೇ ಈ ಬಂಡಿ ಆ ದಡ ಹತ್ತಬೇಕು."

ಎರಕದವಳ ಕಣ್ಣ ಮುಂದೆ ಎದುರು ದಡದ ಮೊದಲ ಮನೆ ಬಂತು. ಬಾಗಿಲಲ್ಲಿ ಬೋಗುಣಿ ಕವುಚಿಟ್ಟ ಮನೆ.

ಮಡಿಗಾರ ಗಂಟಲು ಸರಿಮಾಡಿಕೊಂಡ. ಎಂದಿನ ರಾಗದಲ್ಲಿ ಕೇಳಿದ: "ಮುಟ್ಟಿದ್ದೀಯಾ?"

"ಮುಟ್ಟಿದ್ದೇನೆ."

ಆ ಕಲ್ಲಿನ ಮುಂದೆ ಆ ಮಾತು ಯಾವತ್ತೂ ಬಿದ್ದಿರಲಿಲ್ಲ. ಮುಂದೇನು ಮಾಡಬೇಕೆಂದು ಮಡಿಗಾರನಿಗೆ ಯಾರೂ ಕಲಿಸಿರಲಿಲ್ಲ. ಅವನು ಮಾಡಬಲ್ಲ ಒಂದನ್ನೇ ಮಾಡಿದ. ಎರಡನೆಯ ಸಲ ಕೇಳಿದ, ಈ ಸಲ ರಾಗವಿಲ್ಲದೆ.

"ಮು... ಮುಟ್ಟಿದ್ದೀಯಾ?"

"ಮುಟ್ಟಿದ್ದೇನೆ. ಒಳಗೂ ಮುಟ್ಟಿದ್ದೇನೆ, ಹೊರಗೂ ಮುಟ್ಟಿದ್ದೇನೆ."

ದೊರೆ ಎರಡು ಹೆಜ್ಜೆ ಮುಂದೆ ಬಂದು ದನಿ ತಗ್ಗಿಸಿದ. "ತಾಯಿ, ಏನಿದು ಹಟ? ಎಲ್ಲರಿಗೂ ಗೊತ್ತಿರುವ ವಿಷಯವೇ. ಒಂದು ಸಲ 'ಇಲ್ಲ' ಅಂದುಬಿಡು, ಮುಗೀತು. ನಿನಗೇನು ಖರ್ಚು?"

"ಎಲ್ಲರಿಗೂ ಗೊತ್ತಿದ್ದರೆ ನೀವೇ ಹೇಳಿ ದೊರೆ. ನಿಮಗೇನು ಖರ್ಚು?"

ದೊರೆ ಮಡಿಗಾರನ ಕಡೆ ಕೈ ಬೀಸಿದ.

"ಕೊನೆಯ ಸಲ," ಅಂದ ಮಡಿಗಾರ. ಅವನ ಧ್ವನಿ ಬೇಡುವವನದ್ದಾಗಿತ್ತು. "ಮುಟ್ಟಿದ್ದೀಯಾ?"

"ನಾನು ಮುಟ್ಟಿದ್ದೇನೆ. ಸೂಲಗಿತ್ತಿ ಮುಟ್ಟಿದ್ದಾಳೆ, ಚಪ್ಪಲಿಯವನು ಮುಟ್ಟಿದ್ದಾನೆ, ತಮಟೆಯವನು ಮುಟ್ಟಿದ್ದಾನೆ, ಬುಟ್ಟಿಯಜ್ಜಿ ಮುಟ್ಟಿದ್ದಾಳೆ. ನೆಟ್ಟಗೆ ನಿಲ್ಲಲಾರದ ಕೂಸುಗಳು ಕಾಲಿಂದ ಮುಟ್ಟಿವೆ. ಬಗ್ಗಿ ನೋಡಿ. ಎಲ್ಲರ ಬೆರಳೂ ಅಲ್ಲೇ ಇದೆ. ಆ ಬೆರಳುಗಳೇ ನಿಮ್ಮ ಸೂರ್ಯನನ್ನು ಹಿಡಿಯುವುದು."

ಪಾತ್ರೆ ಎತ್ತಲು ಬಂದಿದ್ದ ಇಬ್ಬರು ಬಂಟರು ಕೈ ಹಿಂದೆಳೆದುಕೊಂಡರು. ದೊರೆ ಗದರಿದ, "ಎತ್ತಿರೋ!" ಅವರು ನೆಲ ನೋಡಿದರು. ಎದುರು ದಡದವರ ತಾಯಂದಿರನ್ನೆಲ್ಲ ಹೆದರದೆ ಬೈದಿದ್ದ ಗಂಡುಗಳು ಹೆಬ್ಬೆಟ್ಟಿನ ಗೆರೆಗೆ ಹೆದರಿ ನಿಂತರು.

"ಶುದ್ಧಿ ಆಗಬೇಕು," ಅಂದ ಮಡಿಗಾರ. "ಉಜ್ಜಬೇಕು."

"ಹೊರಗೆ ಎಷ್ಟು ಬೇಕಾದರೂ ಉಜ್ಜಿಕೊಳ್ಳಿ," ಅಂದಳು ಎರಕದವಳು. "ಒಳಗೆ ಮಾತ್ರ ಬೇಡ. ಆ ಗೆರೆ ಹೋದರೆ ಸೂರ್ಯ ಗೋಡೆಗೆ ಒರಗಿ ಆರಿಹೋಗುತ್ತಾನೆ. ಈಗಲೇ ಹೇಳಿದ್ದೇನೆ."

ಮಡಿಗಾರ ದೊರೆಯ ಕಡೆ ತಿರುಗಿದ. "ಕೇಳಿದಿರಾ? ಮೈಲಿಗೆ ಒಳಗೇ ಉಳಿಯಲಿ ಅಂತಾಳೆ."

ಅವಳು ಆ ಊರಿನ ಮುಂದೆ ಮೊದಲ ಸಲ ನಿಜ ಹೇಳಿದ್ದಳು. ಒಂದೇ ಬೆಳಿಗ್ಗೆ ಎರಡು ನಿಜ. ಮೊದಲನೆಯದಕ್ಕೆ ಊರು ಬೆಚ್ಚಿತು, ಎರಡನೆಯದನ್ನು ನಂಬಲಿಲ್ಲ.

ಉಜ್ಜುವುದೂ ಸುಲಭವಾಗಲಿಲ್ಲ. ಪಾತ್ರೆ ತಿಕ್ಕುವುದು ಕೆಳಕೇರಿಯ ಹೆಂಗಸರ ಕೆಲಸ. ಆದರೆ ಮುಟ್ಟಿದವರೇ ಆ ಮೈಲಿಗೆಯನ್ನು ತೊಳೆಯುವಂತಿಲ್ಲ. ಹಾಗಾಗಿ ಹುಣಿಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ಹಿಡಿದು ಮಡಿಗಾರನೇ ಕೂತ. ಒಂಬತ್ತು ದಿನ ಉಜ್ಜಿದರು. ಬಂಟರು ಉಜ್ಜಿದರು, ಬಂಟರ ಹೆಂಡತಿಯರು ಉಜ್ಜಿದರು. ಯಾರ ಉಗುರಿನಲ್ಲೂ ಮೊದಲು ಇಟ್ಟಿಗೆ ಪುಡಿ ಸೇರಿರಲಿಲ್ಲ, ಉಗುರು ಸೀಳಿತು. ಸೂಲಗಿತ್ತಿಯ ಹತ್ತು ಬೆರಳು ಅಳಿದವು. ತಮಟೆಯವನ ತಾಳ ಅಳಿಯಿತು. ಕೂಸುಗಳ ಹಿಮ್ಮಡಿ ಕೊನೆಗೆ ಅಳಿದವು. ಅವು ಆಳಕ್ಕೆ ಇಳಿದಿದ್ದವು. ಹತ್ತನೆಯ ದಿನ ಪಾತ್ರೆ ಕನ್ನಡಿಯಾಗಿ ಹೊಳೆಯಿತು. ಬಂಟರು ಖುಷಿಯಿಂದ ಎತ್ತಿ ಬಂಡಿಯ ಹೊಟ್ಟೆಗಿಟ್ಟರು, ಹನಿ ಹಾಕಿದರು, ತಿದಿ ಒತ್ತಲು ಮೂವತ್ತು ಮಂದಿಯನ್ನು ನಿಲ್ಲಿಸಿದರು.

ಏಳನೆಯ ದಿನ ಸೂರ್ಯ ಎದ್ದ; ಪಾತ್ರೆ ದೊಡ್ಡದು, ಗೋಡೆ ದೂರ. ಬಂಡಿ ಗುಡುಗಿ ಹೊರಟಿತು. ಕಹಳೆ ಮೊಳಗಿತು. ಬಂಡಿ ಮರಳಿಗೆ ಇಳಿಯಿತು; ಚಕ್ರದ ಅಂಚಿಗೆ ನೀರು ತಾಗಿತು. ಈ ದಡದಲ್ಲಿ ಎರಕದವಳು ನಿಂತಿದ್ದಳು. ಆ ದಡದಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬೋಗುಣಿ, ಓಡದೆ.

ನೀರಿನ ಅಂಚಿನಲ್ಲಿ ಬಂಡಿ ಒಂದು ಕಲ್ಲು ಹತ್ತಿ ಕುಲುಕಿತು. ಒಳಗೆ ಸೂರ್ಯ ತೂರಾಡಿದ. ತಳ್ಳಲು ಒಂದು ಬೆರಳೂ ಇರಲಿಲ್ಲ. ಅವನು ನುಣುಪಾದ, ಶುದ್ಧವಾದ ಗೋಡೆಗೆ ಒರಗಿದ.

ಬಂಡಿ ಪ್ರತಿ ವರ್ಷ ನಿಲ್ಲುವ ಜಾಗದಲ್ಲೇ ನಿಂತಿತು. ಆಮೇಲೆ, ಅಭ್ಯಾಸ ಬಿಡಬೇಕಲ್ಲ, ದಂಡಿನವರು ಬೈಯತೊಡಗಿದರು.

ದೊರೆ ಕಲ್ಲಿನ ಹತ್ತಿರ ಬಂದು ಕೂಗಿದ: "ಇನ್ನೊಂದು ಮಾಡು!"

"ಮಾಡ್ತೇನೆ. ಮತ್ತೆ ಎಲ್ಲರೂ ಬೆರಳು ಒತ್ತುತ್ತಾರೆ. ಮತ್ತೆ ನೀವು ಕೇಳಿ. ಮತ್ತೆ ನಾನು ಹೇಳ್ತೇನೆ."

"ಚಾವಟಿ ತನ್ನಿ!"

ಚಾವಟಿ ಬಂತು. ಚಪ್ಪಲಿ ಹೊಲಿಯುವವನು ಹನ್ನೆರಡು ಹೆಜ್ಜೆ ದೂರದಿಂದ ಮೆಲ್ಲಗೆ ಕೆಮ್ಮಿದ. "ದೊರೆ, ಅದು ನಾನು ಹೆಣೆದದ್ದು. ಮುಟ್ಟಿದ್ದೇನೆ. ಕೊನೆಯ ಗಂಟನ್ನು ಹಲ್ಲಿಂದ ಎಳೆದದ್ದು."

ಚಾವಟಿ ಹಿಡಿದವನು ಹಾವು ಹಿಡಿದವನಂತೆ ಅದನ್ನು ಎಸೆದ. ಹಗ್ಗ ತರಿಸಿದರು. "ಅದು ನಂದು," ಅಂದಳು ಬುಟ್ಟಿಯಜ್ಜಿ, "ತೊಡೆಯ ಮೇಲಿಟ್ಟು ಹೊಸೆದದ್ದು." ಕತ್ತಿಯ ಹಿಡಿ, ದೊರೆಯ ಸೊಂಟಪಟ್ಟಿ, ಮಡಿಗಾರನ ಕೈಯ ಚೊಂಬು, ಒಂದೊಂದಕ್ಕೂ ಕೆಳಕೇರಿಯಿಂದ ಒಂದೊಂದು ದನಿ ಎದ್ದಿತು. ಮುಟ್ಟಿದ್ದೇನೆ. ಮುಟ್ಟಿದ್ದೇನೆ. ಕೊನೆಗೆ ಸೂಲಗಿತ್ತಿ ಮುಂದೆ ಬಂದಳು. ನೆರೆದಿದ್ದ ಗಂಡಸರ ಮುಖಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು.

"ನಿಮ್ಮನ್ನೆಲ್ಲ ಮುಟ್ಟಿದ್ದೇನೆ," ಅಂದಳು. "ನಿಮ್ಮ ಅಮ್ಮಂದಿರಿಗಿಂತ ಮೊದಲು. ನೀವು ಹೇಗಿದ್ದಿರಿ ಅಂತಲೂ ಹೇಳಲಾ?"

ಬೇಡ ಅನ್ನುವ ಹಾಗೆ ಎಲ್ಲರೂ ಮನೆಗೆ ಓಡಿದರು.

ಅಂದಿನಿಂದ ಮೇಲುಕೇರಿಯಲ್ಲಿ ಉಜ್ಜುವ ಸದ್ದು. ಬೆಳಿಗ್ಗೆ ಶುರುವಾದರೆ ಕಣ್ಣು ಕಾಣುವ ತನಕ. ತಟ್ಟೆ ಉಜ್ಜುತ್ತಾರೆ, ತೊಟ್ಟಿಲು ಉಜ್ಜುತ್ತಾರೆ, ದೇವರ ಮುಖವಾಡ ಉಜ್ಜುತ್ತಾರೆ. ದೇವರ ಮೂಗು ಆಗಲೇ ಸವೆದಿದೆ. ಕೆಲವರು ತಮ್ಮ ಹೊಕ್ಕುಳನ್ನೇ ಉಜ್ಜಿಕೊಳ್ಳುತ್ತಾರಂತೆ. ಬಂಡಿ ಮರಳಿನಲ್ಲೇ ನಿಂತಿದೆ. ಎಳೆದು ತರಲು ಮುಟ್ಟದ ಹಗ್ಗ ಊರಿನಲ್ಲಿ ಇಲ್ಲ.

ಕೆಳಕೇರಿಯ ನಡುವೆ, ಸೇರಿನಷ್ಟು ಸಣ್ಣ, ಬಾಯಿ ಸೀಳಿದ ಪಾತ್ರೆಯೊಂದು ಉರಿಯುತ್ತಿದೆ. ಅದನ್ನು ಯಾರಿಗೂ ಒಪ್ಪಿಸಿಲ್ಲ, ಯಾರೂ ಉಜ್ಜಿಲ್ಲ. ಅದರ ಮೇಲೆ ಸರದಿಯಲ್ಲಿ ಒಂದೊಂದು ಮನೆಯ ಅನ್ನದ ಗಡಿಗೆ ಏರುತ್ತದೆ. ಮೊದಲ ದಿನ ಅಗುಳು ಅಗುಳಾಗಿ ಬೆಂದ ಅನ್ನವನ್ನು ತಟ್ಟೆಗೆ ಹಾಕಿಕೊಂಡು ಎರಕದವಳು ಬಹಳ ಹೊತ್ತು ಕೂತಿದ್ದಳು. ಒಂದು ವರ್ಷ ತಡ. ಅನ್ನಕ್ಕೆ ಅದು ಗೊತ್ತಿಲ್ಲ. ಅವಳಿಗೆ ಗೊತ್ತು. ತುತ್ತು ಗಂಟಲಿನಲ್ಲಿ ಇಳಿದಾಗಲೂ ಸಿಟ್ಟು ಇಳಿಯಲಿಲ್ಲ, ಇಳಿಯಲಿ ಎಂದು ಅವಳೂ ಬಯಸಲಿಲ್ಲ.

ಮಾರನೆಯ ದಿನ ಬೋಗುಣಿ ಹಿಡಿದು ನದಿಗೆ ಬಂದಳು.

"ಏನೇ ಅದು, ನಿಮ್ಮೂರಲ್ಲಿ ಗರಗರ ಸದ್ದು?" ಎದುರು ದಡದಿಂದ ಅಕ್ಕ ಕೂಗಿದಳು. "ಮೂರು ದಿನ ಆಯ್ತು, ಕಿವಿ ತೂತಾಯ್ತು!"

"ಉಜ್ಜುತ್ತಿದ್ದಾರಕ್ಕ!"

"ಏನನ್ನ?"

"ನಮ್ಮನ್ನ!"

ಅಕ್ಕ ತಿಕ್ಕುವುದನ್ನು ನಿಲ್ಲಿಸಿದಳು. "ಹೋಗ್ತಾ ಇದ್ದೀರಾ?"

ಎರಕದವಳು ತನ್ನ ಬೆರಳುಗಳನ್ನು ಬಿಸಿಲಿಗೆ ಹಿಡಿದು ನೋಡಿದಳು. ಗೆರೆಗಳು ಇದ್ದಲ್ಲೇ ಇದ್ದವು.

"ಪಾತ್ರೆ ಸವೆದು ಹೋಗ್ತಾ ಇದೆ," ಅಂತ ಕೂಗಿದಳು. "ನಾವು ಹೋಗ್ತಿಲ್ಲ."